ಈರುಳ್ಳಿ ಬೇರಿನ ಸ್ಲೈಡಿನಲ್ಲಿ ಕೋಶಗಳು ಗುಡ್ಡೆಯಾಗುತ್ತಿದ್ದರೆ
ಮೈಟಾಸಿಸ್ (ಕೋಶ ವಿಭಜನೆ) ನೋಡುವ ಸ್ಲೈಡಿನಲ್ಲಿ ಕೋಶಗಳು ಒಂದರ ಮೇಲೊಂದು ಕೂತು ಏನೂ ಕಾಣದಿದ್ದರೆ, ಫಿಕ್ಸ್ ಮಾಡಿದ (ಕೋಶಗಳು ಇದ್ದ ಸ್ಥಿತಿಯಲ್ಲೇ ಉಳಿಯುವಂತೆ ರಾಸಾಯನಿಕದಲ್ಲಿ ನೆನೆಸಿಟ್ಟ) ಬೇರನ್ನು ಬಣ್ಣ ಹಾಕುವ ಮೊದಲು 60 ಡಿಗ್ರಿ ಸೆಲ್ಸಿಯಸ್‌ನ 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5 ನಿಮಿಷ ಇಡಿ. ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸಡಿಲವಾಗಿ, ಕವರ್‌ಸ್ಲಿಪ್ ಮೇಲೆ ಹೆಬ್ಬೆರಳಿನಿಂದ ನೇರವಾಗಿ ಒತ್ತಿದರೆ ಒಂದೇ ಪದರವಾಗಿ ಹರಡುತ್ತವೆ. ಜಾರಿಸಬೇಡಿ, ಕೋಶಗಳು ಸುರುಳಿ ಸುತ್ತುತ್ತವೆ. ಲ್ಯಾಬಿನಲ್ಲಿ ವಾಟರ್ ಬಾತ್ (ನೀರನ್ನು ಒಂದೇ ಬಿಸಿಯಲ್ಲಿಡುವ ಸಾಧನ) ಇಲ್ಲವೇ? ಪ್ರನಾಳವನ್ನು ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸಿ ಥರ್ಮಾಮೀಟರ್ ಗಮನಿಸುತ್ತಿದ್ದರಾಯಿತು. ಆಮೇಲೆ ನೀರಿನಲ್ಲಿ ಎರಡು ಸಲ ತೊಳೆಯಲೇಬೇಕು, ಆಮ್ಲ ಉಳಿದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಬೇರಿನ ತುದಿ ಮೆತ್ತಗಾಗಿ ಚಿಮಟಕ್ಕೇ ಸಿಗದು. ಸ್ಲೈಡಿಗೆ ಬೇರಿನ ತುದಿಯ ಕೊನೆಯ 2 ಮಿಲಿಮೀಟರ್ ಮಾತ್ರ ಕತ್ತರಿಸಿಕೊಳ್ಳಿ. ಅದರ ಹಿಂದಿನ ಉದ್ದುದ್ದ ಕೋಶಗಳಲ್ಲಿ ಈ ಉಪಾಯವೂ ನಡೆಯದು, ಅಲ್ಲಿ ವಿಭಜನೆ ಮುಗಿದುಹೋಗಿರುತ್ತದೆ.