ವೇಗ ಇಳಿಸಿದ ಮೇಲೆ ಸರಿಹೋದ ಫೋನ್‌ಗಳು

ಇಂಟರ್ನೆಟ್ ಲೈನಿನ ಮೇಲೆ ಮಾತಾಡುವ ಇಪ್ಪತ್ತು ಐಪಿ ಫೋನ್, ಡೌನ್‌ಲೋಡ್ 100, ಅಪ್‌ಲೋಡ್ 20 ಎಂಬಿಪಿಎಸ್‌ನ ಲೈನ್, ಕೆಲಸ ಜೋರಾದ ಹೊತ್ತಿಗೆ ತುಂಡು ತುಂಡಾಗುವ ದನಿ. ನಾನು ಹೇಳಿದ ಮದ್ದು ಒಂದೇ: ಅಪ್‌ಲೋಡನ್ನು ಬೇಕೆಂದೇ 17ಕ್ಕೆ ಇಳಿಸಿ. ಇರುವ ಸ್ಪೀಡೇ ಸಾಲದು, ಅದನ್ನೂ ಕಡಿಮೆ ಮಾಡುವುದೇ ಎಂದು ಕೇಳಿದವರಲ್ಲಿ ಈ ಕೆಲಸವನ್ನೇ ಮಾಡುವವರೂ ಇದ್ದರು. ಈಗ ಅದೇ ಲೈನಿನಲ್ಲಿ ಬ್ಯಾಕಪ್ ಪೂರ್ತಿ ಓಡುತ್ತಿರುವಾಗಲೂ ಕರೆ ಕಡಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಜಿ.711 ಎಂಬ ಕೋಡೆಕ್‌ನ (ದನಿಯನ್ನು ಡೇಟಾ ಮಾಡುವ ರೀತಿಯ) ಕರೆಯಲ್ಲಿ ಸೆಕೆಂಡಿಗೆ 50 ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ಪೊಟ್ಟಣ. ಒಂದೊಂದರಲ್ಲೂ ದನಿ 160 ಬೈಟ್, ಐಪಿ, ಯುಡಿಪಿ, ಆರ್‌ಟಿಪಿ ಹೆಡರ್ (ಪೊಟ್ಟಣದ ಮೇಲಿನ ವಿಳಾಸದ ಚೀಟಿಗಳು) ಸೇರಿ 40, ಈಥರ್ನೆಟ್‌ನದ್ದು 18. ಅಂದರೆ ಒಂದು ದಿಕ್ಕಿಗೆ 87 ಕೆಬಿಪಿಎಸ್. ಇಪ್ಪತ್ತೂ ಫೋನ್ ಒಟ್ಟಿಗೆ ಮಾತಾಡಿದರೂ 1.75 ಎಂಬಿಪಿಎಸ್ ದಾಟುವುದಿಲ್ಲ. 20ರಲ್ಲಿ ಇದು ಯಾವ ಮೂಲೆಗೆ? ಆದರೂ ಎಲ್ಲರೂ ಮೊದಲು ಮಾಡುವುದು ಪ್ಲಾನ್ ದೊಡ್ಡದು ಮಾಡುವುದು. ಇಲ್ಲೂ ಹಾಗೇ ಆಗಿತ್ತು. ತಿಂಗಳ ಬಿಲ್ ಹತ್ತಿರ ಹತ್ತಿರ ಎರಡರಷ್ಟಾಯಿತು, ಆಮೇಲೆ ಅರ್ಧಕ್ಕರ್ಧ ಫೋನ್ ಬದಲಾದವು, ದನಿ ಮಾತ್ರ ಇದ್ದ ಹಾಗೇ ಇತ್ತು. ಹೊಸ ಪ್ಲಾನಿನಲ್ಲಿ ಏರಿದ್ದು ಡೌನ್‌ಲೋಡ್. ಕಟ್ಟಿಕೊಂಡಿದ್ದು ಅಪ್‌ಲೋಡ್.

ಕಟ್ಟಿಕೊಳ್ಳುವುದು ಮೋಡೆಮ್‌ನ ಒಳಗಿನ ಬಫರಿನಲ್ಲಿ, ಅಂದರೆ ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗದಲ್ಲಿ. ಒಂದು ಮೆಗಾಬೈಟ್ ಬಫರ್ ಇದ್ದರೆ 20 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು 400 ಮಿಲಿಸೆಕೆಂಡ್ ಬೇಕು. ಯಾರೋ ಒಬ್ಬರು ದೊಡ್ಡ ಫೈಲ್ ಕಳಿಸಿದರೆ ಸಾಕು, ದನಿಯ ಪ್ಯಾಕೆಟ್ ಆ ಸಾಲಿನ ತುದಿಯಲ್ಲಿ ನಿಂತುಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿರಬೇಕು. ಖಾಲಿ ಲೈನಿನಲ್ಲಿ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 12 ಮಿಲಿಸೆಕೆಂಡ್ ಆಸುಪಾಸು ಇತ್ತು, ಅಪ್‌ಲೋಡ್ ತುಂಬಿಸಿದ ತಕ್ಷಣ 400ರಿಂದ 450ಕ್ಕೆ ಜಿಗಿಯಿತು. ಒಂದು ಪ್ಯಾಕೆಟ್ಟೂ ಕಳೆದುಹೋಗುತ್ತಿರಲಿಲ್ಲ, ಎಲ್ಲವೂ ತಡವಾಗಿ ಬರುತ್ತಿದ್ದವು. ತಡವಾಗಿ ಬಂದದ್ದನ್ನು ಫೋನಿನ ಜಿಟ್ಟರ್ ಬಫರ್ (ಹಿಂದೆಮುಂದೆ ಬಂದ ಪ್ಯಾಕೆಟ್‌ಗಳನ್ನು ಸಮ ಮಾಡುವ ಭಾಗ) ಎಸೆದುಬಿಡುತ್ತದೆ. ಸ್ಪೀಡ್ ಟೆಸ್ಟ್ ಚೆನ್ನಾಗಿ ಬರುವುದೂ, ಲೈನ್ ಕೊಟ್ಟವರು ತಮ್ಮ ಕಡೆ ತೊಂದರೆ ಇಲ್ಲ ಎನ್ನುವುದೂ ಇದೇ ಕಾರಣಕ್ಕೆ.

ಆ ಸಾಲು ಮೋಡೆಮ್‌ನಿಂದ ನಮ್ಮ ರೂಟರಿಗೆ ಬರಬೇಕು, ಏಕೆಂದರೆ ರೂಟರಿನ ಸಾಲನ್ನು ನಾವು ನಿಯಂತ್ರಿಸಬಹುದು. ಮೋಡೆಮ್ ಸಾಗಿಸುವುದಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ ರೂಟರೇ ಕಳಿಸಿದರೆ ಮೋಡೆಮ್‌ನಲ್ಲಿ ಸಾಲು ಕಟ್ಟುವುದೇ ಇಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ರೂಟರಿಗೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿ, ಅದರ ಎಸ್‌ಕ್ಯೂಎಂನಲ್ಲಿ (ಸಾಲನ್ನು ನಿಭಾಯಿಸುವ ಭಾಗ) ಕೇಕ್ ಎಂಬ ವಿಧಾನ ಆಯ್ಕೆ ಮಾಡಿದೆ. ಹೊಸದಾಗಿ ಕೊಂಡದ್ದು ಏನೂ ಇಲ್ಲ.

ವೇಗದ ಅಂಕಿ ಮಾತ್ರ ಪ್ಲಾನಿನದ್ದಾಗಿರಬಾರದು, ಅಳತೆಯದ್ದಾಗಿರಬೇಕು. ದಿನದ ಅತಿ ಕೆಟ್ಟ ಹೊತ್ತಿನಲ್ಲಿ, ಕೇಬಲ್‌ನಲ್ಲಿ ಕೂತು ಅಳೆಯಬೇಕು. ಬಂದದ್ದರ 85 ಶೇಕಡದಿಂದ ಶುರು. ಒಂದು ಕಂಪ್ಯೂಟರಿನಿಂದ ಅಪ್‌ಲೋಡ್ ತುಂಬಿಸಿ, ಇನ್ನೊಂದರಿಂದ ಪಿಂಗ್ ಬಿಟ್ಟು, ಪಿಂಗ್ ಏರಲು ಶುರುವಾಗುವವರೆಗೆ ಅರ್ಧರ್ಧ ಎಂಬಿಪಿಎಸ್ ಏರಿಸುತ್ತಾ ಹೋಗಿ. ಏರಿತೋ, ಒಂದು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲಿಸಿ. ಇಲ್ಲಿ ಅದು 17ರ ಹತ್ತಿರ ನಿಂತಿತು. ತುಂಬಿದ ಲೈನಿನಲ್ಲೂ ಪಿಂಗ್ 15ರಿಂದ 20ರೊಳಗೇ ಇತ್ತು. ಪ್ರತಿ ಪ್ಯಾಕೆಟ್‌ಗೆ ಲೈನ್ ಸೇರಿಸುವ ಹೆಚ್ಚುವರಿ ಬೈಟ್‌ಗಳ ಓವರ್‌ಹೆಡ್ ಖಾನೆಯಲ್ಲಿ 44 ಕೊಟ್ಟುಬಿಡುತ್ತೇನೆ. ನಾಲ್ಕು ಬೈಟ್ ಹೆಚ್ಚಾದರೆ ನಷ್ಟವಿಲ್ಲ, ಕಡಿಮೆಯಾದರೆ ದನಿಯಂಥ ಸಣ್ಣ ಪ್ಯಾಕೆಟ್‌ಗಳಲ್ಲೇ ಲೆಕ್ಕ ತಪ್ಪುತ್ತದೆ. ಡೌನ್‌ಲೋಡಿಗೂ ಇದೇ ದಾರಿ, ಆದರೆ ಅಲ್ಲಿ ಇನ್ನೂ ಬಿಗಿ ಬೇಕು, ಏಕೆಂದರೆ ಪ್ಯಾಕೆಟ್ ಆಗಲೇ ಲೈನ್ ದಾಟಿ ಬಂದ ಮೇಲಷ್ಟೇ ನಮ್ಮ ಕೈಗೆ ಸಿಗುವುದು.

ಇದನ್ನು ಮಾಡಿಯೂ ಆಗಲಿಲ್ಲ ಎನ್ನುವವರ ರೂಟರಿನಲ್ಲಿ ನಾನು ಮೊದಲು ನೋಡುವುದು ಹಾರ್ಡ್‌ವೇರ್ ಆಫ್‌ಲೋಡಿಂಗ್, ಅಂದರೆ ಪ್ಯಾಕೆಟ್‌ಗಳನ್ನು ಸಿಪಿಯುವಿಗೆ ತೋರಿಸದೆ ಚಿಪ್ಪೇ ಸಾಗಿಸುವುದು. ಅದು ಆನ್ ಇದ್ದರೆ ಪ್ಯಾಕೆಟ್‌ಗಳು ವೇಗ ಇಳಿಸುವ ಶೇಪರಿನ (ಇಲ್ಲಿ ಕೇಕ್) ಕಡೆ ತಲೆಯೂ ಹಾಕುವುದಿಲ್ಲ. ಪರದೆಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಒಳಗೆ ಏನೂ ನಡೆದಿರುವುದಿಲ್ಲ. ರೂಟರಿನ ಟಿಸಿ (tc) ಕಮಾಂಡಿನಲ್ಲಿ ಕೇಕ್‌ನ ಎಣಿಕೆ ಏರುತ್ತಿದೆಯೇ ನೋಡಿದರೆ ಗೊತ್ತಾಗುತ್ತದೆ. ಎರಡನೆಯದು ಸಿಪಿಯು. ಆಫ್‌ಲೋಡಿಂಗ್ ತೆಗೆದ ಮೇಲೆ ಎಲ್ಲ ಕೆಲಸ ಅದರ ತಲೆಯ ಮೇಲೆ ಬೀಳುತ್ತದೆ. ಹಳೆಯ ಒಂಟಿ ಕೋರಿನ ರೂಟರ್ ನೂರು ಎಂಬಿಪಿಎಸ್‌ನ ಆಚೆ ಏದುಸಿರು ಬಿಡುತ್ತದೆ. ಐನೂರರ ಲೈನಿಗೆ ಅದನ್ನೇ ಹಾಕಿದರೆ ಹೊಸ ತೊಂದರೆಯನ್ನು ಕೈಯಾರೆ ಮಾಡಿಕೊಂಡಂತೆ. ಲೈನಿನ ವೇಗವೇ ಹೊತ್ತುಹೊತ್ತಿಗೆ ಬದಲಾಗುವ ಕಡೆ ಅಂಕಿಯನ್ನು ತಾನಾಗಿ ಏರಿಳಿಸಲು ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ. ಅದು ಹೊಟ್ಟೆಪಾಡಿನ ವಿಷಯ, ಇಲ್ಲಿ ಬಿಚ್ಚುವುದಿಲ್ಲ.

ಇದರ ನಡುವೆ ಕೋಡೆಕ್‌ಗಳನ್ನೂ ತಿರುಗಿಸಿ ನೋಡಿದೆ. ದನಿಯನ್ನು ಹೆಚ್ಚು ಹಿಂಡುವ ಜಿ.729 ಹಾಕಿದರೆ ಕರೆಗೆ 31 ಕೆಬಿಪಿಎಸ್ ಸಾಕು. ಆದರೆ ಸಾಲು ಕಟ್ಟಿದ ಲೈನಿನಲ್ಲಿ ಅದೂ ಅಷ್ಟೇ ಕಡಿಯಿತು, ಮೇಲಾಗಿ ಐವಿಆರ್‌ನ (‘ಒಂದನ್ನು ಒತ್ತಿ’ ಎನ್ನುವ ದನಿ ಮೆನು) ಒತ್ತುಗುಂಡಿಗಳು ಕೈಕೊಟ್ಟವು: ಗುಂಡಿ ಒತ್ತಿದಾಗ ದನಿಯ ಜೊತೆಗೇ ಹೋಗುವ ಸದ್ದು, ಅಂದರೆ ಇನ್‌ಬ್ಯಾಂಡ್ ಡಿಟಿಎಂಎಫ್, ಆ ಹಿಂಡುವಿಕೆಯಲ್ಲಿ ಉಳಿಯುವುದಿಲ್ಲ, ಗುಂಡಿಯನ್ನು ಬೇರೆ ಪ್ಯಾಕೆಟ್ಟಾಗಿ ಕಳಿಸುವ ಆರ್‌ಎಫ್‌ಸಿ 4733 ರೀತಿಗೆ ಬದಲಿಸಬೇಕು. ಜಿಟ್ಟರ್ ಬಫರನ್ನು 200 ಮಿಲಿಸೆಕೆಂಡಿಗೆ ಏರಿಸಿದಾಗ ದನಿ ನುಣುಪಾಯಿತು, ಜನ ಒಬ್ಬರ ಮಾತಿನ ಮೇಲೊಬ್ಬರು ಬೀಳತೊಡಗಿದರು. ಪ್ಯಾಕೆಟ್‌ಗೆ 40 ಮಿಲಿಸೆಕೆಂಡ್ ದನಿ ತುಂಬಿದಾಗ ಹೆಡರ್ ಖರ್ಚು ಇಳಿಯಿತು, ಆದರೆ ಒಂದು ಪ್ಯಾಕೆಟ್ ತಪ್ಪಿದರೆ ಕಿವಿಗೆ ಬೀಳುವ ಗುಂಡಿ ಎರಡರಷ್ಟಾಯಿತು. ಎಲ್ಲವನ್ನೂ ತೆಗೆದು ಜಿ.711, 20 ಮಿಲಿಸೆಕೆಂಡಿಗೇ ಮರಳಿದೆ.

ವೈ-ಫೈ ಮೇಲಿನ ಫೋನ್‌ಗಳ ಕಥೆ ಬೇರೆ. ಅಲ್ಲೂ ಇಳಿಸುವುದೇ ಮದ್ದು, ಇಳಿಸಬೇಕಾದ್ದು ವೈ-ಫೈ ಬಿತ್ತುವ ಪೆಟ್ಟಿಗೆಯ, ಅಂದರೆ ಆಕ್ಸೆಸ್ ಪಾಯಿಂಟ್‌ನ ಪವರ್. ಪೂರ್ತಿ ಪವರ್‌ನಲ್ಲಿ ಅದರ ದನಿ ಫೋನಿಗೆ ಕೇಳಿಸುತ್ತದೆ, ಫೋನಿನ ಸಣ್ಣ ದನಿ ಅದಕ್ಕೆ ಕೇಳಿಸುವುದಿಲ್ಲ. ಫೋನ್ ದೂರದ ಪಾಯಿಂಟನ್ನೇ ಅಂಟಿಕೊಂಡು ಕೂರುತ್ತದೆ, ಮಾತು ಒಂದೇ ಕಡೆ ಒಡೆಯುತ್ತದೆ. ಮಾತಾಡುವ ಜಾಗದಲ್ಲೆಲ್ಲ -67 ಡಿಬಿಎಂ ಬಲದ ಸಿಗ್ನಲ್ ಸಿಗುವ ಹಾಗೆ ಪಾಯಿಂಟ್‌ಗಳನ್ನು ಹತ್ತಿರ ತಂದು ಪವರ್ ತಗ್ಗಿಸಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ, ಅಗಲ 20 ಮೆಗಾಹರ್ಟ್ಸ್ ಸಾಕು. 1, 2, 5.5, 11 ಎಂಬಿಪಿಎಸ್‌ನ ಹಳೆಯ ವೇಗಗಳನ್ನು ಮುಚ್ಚಿ. ಎಸ್‌ಎಸ್‌ಐಡಿಗಳು (ವೈ-ಫೈ ಹೆಸರುಗಳು) ಮೂರಕ್ಕಿಂತ ಹೆಚ್ಚು ಬೇಡ: ಒಂದೊಂದೂ ಸುಮಾರು 102 ಮಿಲಿಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂಬ ಬೀಕನ್ ಕೂಗುತ್ತದೆ, ಅದೂ ಅತಿ ನಿಧಾನದ ವೇಗದಲ್ಲಿ. 5 ಗಿಗಾಹರ್ಟ್ಸ್‌ನಲ್ಲಿ ರೇಡಾರ್ ಜೊತೆ ಹಂಚಿಕೊಂಡ ಡಿಎಫ್‌ಎಸ್ ಚಾನೆಲ್ ಹಾಕಿದರೆ ರೇಡಾರ್ ಕಂಡ ಕೂಡಲೇ ಪಾಯಿಂಟ್ ಜಾಗ ಖಾಲಿ ಮಾಡುತ್ತದೆ. ಕರೆಗಳಿಗೆ 36ರಿಂದ 48ರ ಚಾನೆಲ್‌ಗಳೊಳಗೇ ಇರಿ.

ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ: ಫೋನ್ ಪ್ಯಾಕೆಟ್ ಮೇಲೆ ‘ಇದು ದನಿ, ಮೊದಲು ಬಿಡಿ’ ಎಂಬ ಗುರುತಾದ ಡಿಎಸ್‌ಸಿಪಿ 46 ಹಾಕಿ ಕಳಿಸಿದರೂ ಬಹಳಷ್ಟು ಪಾಯಿಂಟ್‌ಗಳು ಮೊದಲ ಮೂರು ಬಿಟ್ ಮಾತ್ರ ನೋಡಿ ಅದನ್ನು 5 ಎಂದು ಓದಿ, ವಿಡಿಯೋ ಸಾಲಿಗೆ ತಳ್ಳುತ್ತವೆ. ವೈ-ಫೈನಲ್ಲಿ ದನಿಯ ಸಾಲು 6ರದ್ದು. ಆರ್‌ಎಫ್‌ಸಿ 8325 ಹೇಳುವಂತೆ 46ನ್ನು 6ಕ್ಕೆ ಕಟ್ಟುವ ಅವಕಾಶ ಸೆಟ್ಟಿಂಗಿನಲ್ಲಿ ಇದ್ದರೆ ಕಣ್ಣುಮುಚ್ಚಿ ಬದಲಿಸಿ.

ದನಿ ಶುದ್ಧವಾದ ಮೇಲೂ ಕೆಲವು ಕರೆಗಳು ಸರಿಯಾಗಿ 32ನೇ ಸೆಕೆಂಡಿಗೆ ಬಿದ್ದುಹೋಗುತ್ತಿದ್ದವು. ಅದಕ್ಕೂ ಲೈನಿಗೂ ಸಂಬಂಧವಿಲ್ಲ. ಕರೆಗಳನ್ನು ಜೋಡಿಸುವ ಎಸ್‌ಐಪಿ ಭಾಷೆಯಲ್ಲಿ, ಕರೆ ಎತ್ತಿದವರ 200 ಓಕೆಗೆ (‘ಎತ್ತಿದೆ’ ಎಂಬ ಸಂದೇಶ) ಎಸಿಕೆ (‘ತಲುಪಿತು’ ಎಂಬ ಉತ್ತರ) ವಾಪಸ್ ಬಂದಿಲ್ಲ ಎಂದರ್ಥ: ಟಿ1 ಎಂಬ ಅರ್ಧ ಸೆಕೆಂಡಿನ ಮೂಲ ಗಡುವಿನ 64 ಪಟ್ಟು ಕಾದು ಆ ಕಡೆಯವರು ಬಿಟ್ಟುಬಿಡುತ್ತಾರೆ. ಈ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್‌ನಲ್ಲಿ ಒಂದೇ 200 ಓಕೆ ಮೇಲಿಂದ ಮೇಲೆ ಕಾಣುತ್ತದೆ. ಉತ್ತರ ಎಲ್ಲಿಗೆ ಕಳಿಸಬೇಕೆಂದು ಹೇಳುವ ಕಾಂಟ್ಯಾಕ್ಟ್ ಹೆಡರಿನಲ್ಲಿ, ಹೊರಗಿನವರಿಗೆ ತಲುಪಲಾಗದ 192.168 ಎಂಬ ಒಳಗಿನ ವಿಳಾಸ ಕೂತಿದೆಯೇ ನೋಡಿ. ಮೋಡೆಮ್‌ನಲ್ಲಿ ಈ ಸಂದೇಶಗಳನ್ನು ತಿದ್ದುವ ಎಸ್‌ಐಪಿ ಎಎಲ್‌ಜಿಯನ್ನು ಆಫ್ ಮಾಡಿ, ಕರೆಗಳನ್ನು ನಡೆಸುವ ತಂತ್ರಾಂಶ ಆಸ್ಟರಿಸ್ಕ್‌ನಲ್ಲಿ ಹೊರಗಿನ ವಿಳಾಸ ತುಂಬಿಸಿ. ಹದಿನೈದನೇ ಅಥವಾ ಮೂವತ್ತನೇ ನಿಮಿಷಕ್ಕೆ ಬೀಳುವುದಾದರೆ ಕರೆ ಇನ್ನೂ ಜೀವಂತವೇ ಎಂದು ಆಗಾಗ ಕೇಳುವ ಸೆಷನ್ ಟೈಮರ್ ನೋಡಿ, ಅದರ ರೂಢಿಯ ಬೆಲೆ 1800 ಸೆಕೆಂಡ್, ನವೀಕರಣ ಅರ್ಧಕ್ಕೆ. ಹೊರಗೆ ಹೋಗುವ ಕರೆ ಸರಿ, ಒಳಬರುವುದು ಆಗಾಗ ತಪ್ಪುತ್ತದೆ ಎಂದರೆ ಎನ್‌ಎಟಿ, ಅಂದರೆ ಒಳಗಿನ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಿಸುವ ರೂಟರಿನ ಕೆಲಸ. ಲಿನಕ್ಸ್ ರೂಟರಿನಲ್ಲಿ ಉತ್ತರ ಕಾಣದ ಯುಡಿಪಿ ದಾರಿ 30 ಸೆಕೆಂಡಿಗೆ ಮುಚ್ಚುತ್ತದೆ. ಫೋನ್ ಗಂಟೆಗೊಮ್ಮೆ ರಿಜಿಸ್ಟರ್ ಆಗುತ್ತಾ ಕೂತರೆ ನಡುವೆ ಬಂದ ಕರೆಗೆ ಬಾಗಿಲಿಲ್ಲ. ದಾರಿ ತೆರೆದಿಡಲು ಫೋನ್ ಕಳಿಸುವ ಸಣ್ಣ ಪ್ಯಾಕೆಟ್, ಅಂದರೆ ಕೀಪ್-ಅಲೈವ್, 20ರಿಂದ 25 ಸೆಕೆಂಡಿಗೆ ಇಟ್ಟರೆ ಆ ದೂರು ಅಲ್ಲಿಗೆ ನಿಲ್ಲುತ್ತದೆ.