ಔಷಧಿ ಎಲ್ಲಿಟ್ಟಿದ್ದೀರಿ?

ನಮ್ಮ ಹಾಸನದ ಕಡೆ ಔಷಧಿ ಅನ್ನೋ ಮಾತಿಗೆ ಎರಡು ಅರ್ಥ. ಜ್ವರ ಬಂದರೆ ಕುಡಿಯುವುದೂ ಔಷಧಿ. ಶುಂಠಿಗೆ, ಆಲೂಗಡ್ಡೆಗೆ, ಕಾಫಿಗೆ ಹೊಡೆಯುವುದೂ ಔಷಧಿ. ನಾನು ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಹದಿನಾಲ್ಕು, ಹದಿನೈದು, ಹದಿನೇಳರ ಮಕ್ಕಳೇ ನನ್ನ ಹತ್ತಿರ ಜಾಸ್ತಿ ಬರುವುದು. ಕೈ ಕೊಯ್ದುಕೊಂಡವರು, ಮನೆ ಬಿಟ್ಟು ಹೋದವರು, ಸಾಯ್ತೀನಿ ಅಂದವರು. ಅಂಥ ಮಗುವನ್ನು ಕರೆದುಕೊಂಡು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಔಷಧಿ ಎಲ್ಲಿಟ್ಟಿದ್ದೀರಿ?

ನಾನು ಬೆಳೆದದ್ದು ಸಕಲೇಶಪುರದ ಹತ್ತಿರ, ಒಂದು ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ನಮ್ಮ ಮನೆಯ ಹಿಂದೆಯೇ ತೋಟದ ಕೆಲಸಗಾರರ ಲೈನ್ ಮನೆಗಳು. ನಾನು ಪಿಯುಸಿ ಓದುವಾಗ ಲೈನಿನ ಒಬ್ಬ ಹುಡುಗಿ, ನನ್ನದೇ ವಯಸ್ಸು, ಒಂದು ಸಂಜೆ ಔಷಧಿ ಕುಡಿದಳು. ಉಳಿಯಲಿಲ್ಲ. ಹಿಂದಿನ ದಿನ ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಹೆಪ್ಪು ಇಸಕೊಂಡು ಹೋಗಿದ್ದಳು. ಮೊಸರು ಮಾಡಬೇಕು ಅಂದಿದ್ದಳು. ಆ ಹೆಪ್ಪಿನ ಲೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ., ಅದಾದ ಮೇಲೆ ಎರಡು ವರ್ಷದ ಎಂ.ಫಿಲ್., ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ಮಾತ್ರೆ ನಾನು ಬರೆಯುವುದಿಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ. ಮಾತ್ರೆ ಬೇಕಿರುವ ಮಕ್ಕಳನ್ನು ಅವರ ಹತ್ತಿರ ಕಳಿಸುತ್ತೇನೆ. ದೂರದವರಿಗೆ ತಾಲೂಕು ಆಸ್ಪತ್ರೆಯಲ್ಲಿ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಹೇಳುತ್ತೇನೆ.

ಶುರುವಿನಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಒಬ್ಬಳು ಹುಡುಗಿ ಬಾಯೇ ಬಿಡುತ್ತಿರಲಿಲ್ಲ. ಅವಳಿಗೆ ಧೈರ್ಯ ಬರಲಿ ಅಂತ, "ನೀನು ಏನು ಹೇಳಿದರೂ ನಾನು ಯಾರಿಗೂ ಹೇಳಲ್ಲ" ಅಂದುಬಿಟ್ಟೆ. ಮೂರನೇ ಸಲ ಬಂದಾಗ ಹೇಳಿದಳು. ಹತ್ತಿರದ ನೆಂಟರೊಬ್ಬರು ಅವಳ ಜೊತೆ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸಿದೆ. ತಿಳಿಸಿದ್ದು ಸರಿ. ಆದರೆ ಅವಳು ನನ್ನ ಮುಖ ನೋಡಿ, "ಹೇಳಲ್ಲ ಅಂದಿದ್ರಲ್ಲ ಮೇಡಂ" ಅಂದಳು. ಮತ್ತೆ ಬರಲಿಲ್ಲ.

ಅವತ್ತಿನಿಂದ ಮೊದಲ ದಿನವೇ, ಮಗು ಏನೂ ಹೇಳುವ ಮುಂಚೆಯೇ, ಗಡಿ ಹೇಳಿಬಿಡುತ್ತೇನೆ. "ನಿನ್ನ ಮಾತು ನನ್ನ ಹತ್ತಿರವೇ ಇರುತ್ತೆ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ, ಇಲ್ಲಾ ಯಾರಾದರೂ ನಿನಗೆ ಕೆಟ್ಟದ್ದು ಮಾಡುತ್ತಿದ್ದರೆ, ನಾನು ಹೇಳಲೇಬೇಕಾಗುತ್ತೆ. ಹೇಳೋ ಮುಂಚೆ ನಿನಗೆ ತಿಳಿಸ್ತೀನಿ." ಇಷ್ಟು ಕೇಳಿದ ಮೇಲೆ ಮಕ್ಕಳು ಮಾತೇ ಆಡಲ್ಲ ಅಂತ ನನಗೆ ಭಯವಿತ್ತು. ಹಾಗೇನೂ ಆಗಲಿಲ್ಲ. ಮೊದಲೇ ಸತ್ಯ ಹೇಳಿದವರನ್ನು ಮಕ್ಕಳು ಬೇಗ ನಂಬುತ್ತಾರೆ.

ಈಗ ಒಬ್ಬ ಹುಡುಗನ ವಿಷಯ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ವಯಸ್ಸು ಹದಿನೇಳು. ಎರಡು ಸಲ ಮನೆ ಬಿಟ್ಟು ಹೋಗಿದ್ದ. ಕಾಲೇಜು ನಿಲ್ಲಿಸಿ ಮೂರು ತಿಂಗಳಾಗಿತ್ತು. ಅಪ್ಪ ಸಾಲ ಮಾಡಿ ಶುಂಠಿ ಹಾಕಿದ್ದರು, ಕೊಳೆರೋಗ ಬಂದು ಹೋಯಿತು. ಆ ಸಿಟ್ಟೆಲ್ಲ ಮಗನ ಬೆನ್ನ ಮೇಲೆ. ಡಿಸೆಂಬರ್‌ನಲ್ಲಿ ಅಪ್ಪ, ಅಮ್ಮ, ಅಜ್ಜಿ, ಹುಡುಗ ನಾಲ್ಕೂ ಜನ ಬಂದರು. ಮೂರು ಗಂಟೆಗೇ ವಾಪಸ್ ಬಸ್ ಹತ್ತಬೇಕು ಅಂದರು. ಕತ್ತಲಾದ ಮೇಲೆ ಆ ದಾರಿಯಲ್ಲಿ ಆನೆ ಬರುತ್ತೆ. ನನ್ನ ಸಮಯ ಗೊತ್ತುಮಾಡುವುದು ಎಷ್ಟೋ ಸಲ ಆನೆಗಳೇ.

ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ನೇರವಾಗಿ ಕೇಳಿದೆ. "ಸಾಯಬೇಕು ಅಂತ ಯೋಚನೆ ಬರುತ್ತಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅಂತ ಮೇಷ್ಟ್ರುಗಳೂ ಹೆದರುತ್ತಾರೆ. ಹಾಗಾಗುವುದಿಲ್ಲ. ಅವನು ನೆಲ ನೋಡುತ್ತಾ, "ದಿನಾ ಬರುತ್ತೆ" ಅಂದ. ಹೇಳಿದ ಮೇಲೆ ಅವನ ಭುಜ ಸ್ವಲ್ಪ ಇಳಿಯಿತು.

ಇದನ್ನು ಮನೆಯವರಿಗೆ ಹೇಳಲೇಬೇಕು ಅಂದೆ. ತಲೆಯಾಡಿಸಿದ. ಎಲ್ಲರನ್ನೂ ಒಳಗೆ ಕರೆದೆ. ಅಪ್ಪನಿಗೆ ನನ್ನ ಪ್ರಶ್ನೆ ಕೇಳಿದೆ.

"ಡಾಕ್ಟ್ರು ಕೊಟ್ಟಿದ್ದು ಇವಳ ಹತ್ರ ಐತೆ, ಮೇಡಮ್ಮೋರೆ."

"ಅದಲ್ಲ. ಶುಂಠಿಗೆ ಹೊಡೆಯೋದು."

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಅಜ್ಜಿಯೇ ಹೇಳಿದರು. "ಅವ್ನು ಮಲಗೋ ಮಂಚದ ಅಡೀಲೇ ಐತೆ ಕಣವ್ವ."

ಸಾಯುವ ಯೋಚನೆ ಅಲೆಯ ಹಾಗೆ. ಬರುತ್ತೆ, ಏರುತ್ತೆ, ಇಳಿಯುತ್ತೆ. ಎಷ್ಟೋ ಮಕ್ಕಳಲ್ಲಿ ಆ ಏರು ಸ್ವಲ್ಪ ಹೊತ್ತಿನದ್ದು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತೆ ಅನ್ನುವುದರ ಮೇಲೆ ಜೀವ ನಿಂತಿರುತ್ತೆ. ಶ್ರೀಲಂಕಾದಲ್ಲಿ 1990ರ ದಶಕದಲ್ಲಿ ತುಂಬಾ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಲ್ಲಿಸಿದರು. 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಅಲ್ಲಿನ ಜನರ ಕಷ್ಟ ಅರ್ಧ ಆಗಿರಲಿಲ್ಲ, ಅಲ್ವಾ?

ಅವತ್ತೇ ತೀರ್ಮಾನವಾಯಿತು. ಕಬ್ಬಿಣದ ಪೆಟ್ಟಿಗೆ, ಬೀಗ, ಬೀಗದ ಕೈ ಪಕ್ಕದ ಚಿಕ್ಕಪ್ಪನ ಮನೆಯಲ್ಲಿ. ಆಮೇಲೆ ಹುಡುಗನೂ ನಾನೂ ಕೂತು ಒಂದು ಹಾಳೆ ಬರೆದೆವು. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಅನ್ನುವ ಅಮೆರಿಕದ ಇಬ್ಬರು ಸೈಕಾಲಜಿಸ್ಟರು ರೂಪಿಸಿದ ಸುರಕ್ಷತಾ ಯೋಜನೆ ಅದು. ಅಲೆ ಬರುವ ಗುರುತೇನು, ನಾನೇ ಏನು ಮಾಡಬಲ್ಲೆ, ಯಾರ ಜೊತೆ ಇರಲಿ, ಯಾರಿಗೆ ಹೇಳಲಿ, ಯಾರಿಗೆ ಫೋನ್ ಮಾಡಲಿ, ಮನೆಯಲ್ಲಿ ಏನು ದೂರ ಇಡಲಿ. ಎಲ್ಲಾ ಮಗುವಿನ ಮಾತಿನಲ್ಲೇ ಇರಬೇಕು. ಇವನು ಬರೆದ ಗುರುತು: "ಅಪ್ಪನ ಬೈಕ್ ಸದ್ದು ಕೇಳಿದ್ರೆ ಕಿವಿ ಬಿಸಿಯಾಗುತ್ತೆ." ಮಾಡಬಲ್ಲದ್ದು: "ಕಣಕ್ಕೆ ಹೋಗಿ ಕಾಫಿ ಕೈಯಾಡಿಸ್ತೀನಿ." ಹೇಳಬೇಕಾದವರು: ಅಜ್ಜಿ. ಫೋನಿಗೆ ನನ್ನ ನಂಬರ್, ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಅಪ್ಪನ ಜೊತೆಗಿನ ಕೆಲಸ ಇದಕ್ಕಿಂತ ನಿಧಾನ. ತಪ್ಪು ಯಾರದ್ದು ಅನ್ನುವ ಜಗಳ ನಿಲ್ಲದೆ ಯಾವ ಮನೆಯೂ ಬದಲಾಗುವುದಿಲ್ಲ. ಮೊದಲ ಎರಡು ಸಲ ನಾನು ಬರೀ ಅದನ್ನೇ ನಿಲ್ಲಿಸಿದೆ. ಅಮೆರಿಕದಲ್ಲಿ ಮಲ್ಟಿಸಿಸ್ಟಮಿಕ್ ಥೆರಪಿ ಅಂತ ಇದೆ. ಒಂದು ತಂಡವೇ ಮೂರರಿಂದ ಐದು ತಿಂಗಳು ಮನೆಗೆ, ಶಾಲೆಗೆ ಹೋಗಿ ಕೆಲಸ ಮಾಡುತ್ತೆ. ನಾನಿರುವುದು ಒಬ್ಬಳೇ. ಆದರೂ ಅದರಿಂದ ಒಂದು ಕಲಿತಿದ್ದೇನೆ, ಮನೆ ನೋಡದೆ ಮಗುವನ್ನು ನೋಡಲಾಗದು. ಎರಡು ಸಲ ಅವರ ಊರಿಗೆ ಹೋದೆ. ಅಪ್ಪನಿಗೆ ಕೊಟ್ಟ ಕೆಲಸ ಇಷ್ಟೇ: ದಿನಕ್ಕೆ ಒಂದು ಮಾತು, ಅದು ಕಾಲೇಜಿನ ವಿಷಯ ಆಗಿರಬಾರದು. ಅವರಿಗೆ ಮಾತೇ ಸಿಗಲಿಲ್ಲ. ಕಡೆಗೆ, "ಕಾಫಿ ಒಣಗಿತೇನೋ?" ಅಂತ ಕೇಳಲು ಶುರು ಮಾಡಿದರು. ಒಂದು ವಾರ ಹುಡುಗ ಉತ್ತರ ಕೊಡಲಿಲ್ಲ. ಎಂಟನೇ ದಿನ, "ಇನ್ನೂ ಎರಡು ಬಿಸಿಲು ಬೇಕು" ಅಂದನಂತೆ. ಅದನ್ನು ಹೇಳುವಾಗ ಅಪ್ಪನ ಗಂಟಲು ಕಟ್ಟಿತು.

ಜೂನ್‌ನಲ್ಲಿ ಹುಡುಗ ಮತ್ತೆ ಕಾಲೇಜಿಗೆ ಸೇರಿದ. ಅದರ ಮುಂಚೆ ಒಂದು ರಾತ್ರಿ ತುಂಬಾ ಕೆಟ್ಟದಾಗಿತ್ತು. ಅಜ್ಜಿಯನ್ನು ಎಬ್ಬಿಸಿದ್ದ, ಬೆಳಗಾಗುವವರೆಗೆ ಅವರ ಜೊತೆ ಒಲೆ ಮುಂದೆ ಕೂತಿದ್ದ. ಹಾಳೆಯಲ್ಲಿ ಬರೆದಿದ್ದನ್ನೇ ಮಾಡಿದ್ದ.

ಮೊನ್ನೆ ಅಪ್ಪ ಫೋನ್ ಮಾಡಿದರು. "ಶುಂಠಿಗೆ ಔಷಧಿ ಹೊಡೀಬೇಕು, ಮೇಡಮ್ಮೋರೆ. ಅವ್ನು ಕಾಲೇಜಿಗೆ ಹೋದ್ಮೇಲೆ ಪೆಟ್ಟಿಗೆ ತೆಗೀತೀನಿ. ಬರೋದ್ರೊಳಗೆ ಬೀಗ ಹಾಕಿ, ಕೈ ತಮ್ಮನ ಮನೇಗೆ ಕೊಡ್ತೀನಿ. ಸರಿ ತಾನೇ?"

"ಖಾಲಿ ಬಾಟ್ಲಿ?" ಅಂದೆ.

"ಅದ್ನೂ ಪೆಟ್ಟಿಗೇಲೇ ಹಾಕ್ತೀನಿ. ಹುಡುಗ ಇಲ್ಲೇ ಅವ್ನೆ, ಮಾತಾಡ್ತೀರಾ?"