ಕ್ಯಾನ್ವಾಸ್ ಡೇರೆ ಕೊಳ್ಳುವ ಮೊದಲು ಒಣಗಿಸುವ ಜಾಗ ಹುಡುಕಿ

ಪವನಾ ಜಲಾಶಯದ ದಂಡೆ, ಭಂಡಾರದರಾ, ಕರ್ಜತ್ ಕಡೆಯ ತೋಟಗಳು: ಮುಂಬೈಯಿಂದ ವಾರಾಂತ್ಯಕ್ಕೆ ಎತ್ತ ಹೋದರೂ ಈಗ ಸಾಲು ಸಾಲು ಡೇರೆಗಳು ಕಾಣುತ್ತವೆ. ಒಂದೆರಡು ಸಲ ಬಾಡಿಗೆಯ ಡೇರೆಯಲ್ಲಿ ಮಲಗಿ ಬಂದವರಿಗೆ ಸ್ವಂತದ್ದೊಂದು ಇರಲಿ ಎನ್ನಿಸುವುದು ಸಹಜ. ಕರ್ಜತ್‌ನಲ್ಲಿ ತುಂಡು ಜಮೀನು ಮಾಡಿಟ್ಟುಕೊಂಡ ನಮ್ಮ ಹೋಟೆಲ್ ಮಾಲೀಕರಿಗಂತೂ ಅತಿಥಿಗಳಿಗೆಂದು ನಾಲ್ಕು ಡೇರೆ ಹಾಕುವ ಯೋಚನೆ ಇದ್ದೇ ಇರುತ್ತದೆ. ಹೀಗೆ ವಿಚಾರಿಸುವವರೆಲ್ಲರ ಮೊದಲ ಪ್ರಶ್ನೆ, ‘ಮಳೆಗೆ ಸೋರುವುದಿಲ್ಲವೇ?’ ಎಂಬುದು. ಕೇಳಬೇಕಾದದ್ದು, ‘ನೆನೆದ ಮೇಲೆ ಎಲ್ಲಿ ಒಣಗಿಸುತ್ತೇನೆ?’ ಎಂದು. ಹತ್ತಿಯ ಕ್ಯಾನ್ವಾಸ್ ಒಂದು ರಾತ್ರಿಯ ಮಳೆಯನ್ನು ಸುಲಭವಾಗಿ ತಾಳಿಕೊಳ್ಳುತ್ತದೆ, ಹಸಿಯಾಗಿ ಮಡಚಿಟ್ಟ ಎರಡು ದಿನವನ್ನು ತಾಳಿಕೊಳ್ಳುವುದಿಲ್ಲ.

ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಯಕ್ಷಗಾನದ ಡೇರೆ ಮೇಳಗಳು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸಿನಲ್ಲಿ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತಿದ್ದವು. ಮಳೆಗಾಲ ಕಳೆಯುವ ತನಕ ಡೇರೆಗೂ ವಿಶ್ರಾಂತಿ. ಗೋವಾದ ಬೀಚುಗಳಲ್ಲಿ ಶ್ಯಾಕ್‌ಗಳನ್ನು, ಅಂದರೆ ತಾತ್ಕಾಲಿಕ ಚಪ್ಪರದ ಹೋಟೆಲುಗಳನ್ನು, ಮಳೆಗಾಲಕ್ಕೆ ಮೊದಲೇ ಕಳಚುವುದರ ಹಿಂದೆಯೂ ಇದೇ ಲೆಕ್ಕವಿದೆ.

ಮೊದಲು ಅಳತೆ

ನಾಲ್ಕು ಮೀಟರ್ ವ್ಯಾಸದ, ನಡುವೆ ಒಂದೇ ಕಂಬದ ಬೆಲ್ ಟೆಂಟ್ ತೆಗೆದುಕೊಳ್ಳಿ. ಎರಡೂವರೆ ಮೀಟರ್ ಎತ್ತರ, ಮೊಣಕಾಲೆತ್ತರದ ಪಕ್ಕದ ಗೋಡೆ ಎಂದು ಹಿಡಿದರೆ ಮೇಲಿನ ಬಟ್ಟೆಯೇ ಸುಮಾರು 25 ಚದರ ಮೀಟರ್, ಅಂದರೆ 270 ಚದರ ಅಡಿಯ ಹತ್ತಿರ ಬರುತ್ತದೆ. ಮುಂಬೈಯಲ್ಲಿ ಇಷ್ಟು ಜಾಗದಲ್ಲಿ ಒಂದು ಸಂಸಾರವೇ ಇರುತ್ತದೆ. ಬಾಲ್ಕನಿಯ ಸರಳಿನ ಮೇಲೆ ಇದನ್ನು ಒಣಗಿಸಲು ಆಗದು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಸೊಸೈಟಿಯ ಸೆಕ್ರೆಟರಿಯವರನ್ನು ಕಂಡು, ತಾರಸಿ ಬಳಸಲು ಒಪ್ಪಿಗೆ ಇದೆಯೇ ಎಂದು ಕೇಳಿಕೊಳ್ಳಿ. ಒಪ್ಪಿಗೆ ಸಿಗದಿದ್ದರೆ, ಊರ ಹೊರಗೆ ಅಂಗಳವಿರುವ ನೆಂಟರೂ ಇಲ್ಲದಿದ್ದರೆ, ಕ್ಯಾನ್ವಾಸ್ ಆಸೆ ಬಿಟ್ಟು ನೈಲಾನ್ ಟೆಂಟ್ ಕೊಳ್ಳುವುದೇ ಜಾಣತನ.

ಬಟ್ಟೆ ಯಾವುದು?

ಅಪ್ಪಟ ಹತ್ತಿಯ ಕ್ಯಾನ್ವಾಸ್ ಕೆಲಸ ಮಾಡುವ ಬಗೆ ಸೊಗಸಾದದ್ದು. ನೀರು ತಗುಲಿದಾಗ ನೂಲು ಉಬ್ಬುತ್ತದೆ, ಹಾಸು ಹೊಕ್ಕಿನ ನಡುವಿನ ಸಂದುಗಳು ಬಿಗಿದುಕೊಳ್ಳುತ್ತವೆ. ಒಣಗಿದಾಗ ಸಂದು ಮತ್ತೆ ತೆರೆದು ಗಾಳಿಯಾಡುತ್ತದೆ. ರಾತ್ರಿಯಿಡೀ ನಾವು ಬಿಡುವ ಉಸಿರಿನ ತೇವ ಹೊರಗೆ ಹೋಗುವುದರಿಂದ ಬೆಳಗ್ಗೆ ತಲೆಯ ಮೇಲೆ ಹನಿ ಬೀಳುವುದಿಲ್ಲ. ಪಿವಿಸಿ ಲೇಪಿಸಿದ ಬಟ್ಟೆಯಲ್ಲಿ ಈ ಸೌಕರ್ಯವಿಲ್ಲ. ಮಳೆ ಒಳಗೆ ಬಾರದಿದ್ದರೂ ನಿಮ್ಮದೇ ಬೆವರು, ಉಸಿರು ಒಳಮೈಯಲ್ಲಿ ನೀರಾಗಿ ಇಳಿಯುತ್ತದೆ. ಅದನ್ನು ನೆಲಹಾಸಿಗೆ ಮಾತ್ರ ಬಳಸಿ.

ಪಾಲಿಯೆಸ್ಟರ್ ಬೆರೆಸಿದ ಪಾಲಿಕಾಟನ್ ನಡುವಿನ ದಾರಿ. ಕುಗ್ಗುವುದು ಕಡಿಮೆ, ಬೇಗ ಒಣಗುತ್ತದೆ, ಬೂಷ್ಟೂ ತಡವಾಗಿ ಹಿಡಿಯುತ್ತದೆ. ಉಸಿರಾಟದಲ್ಲಿ ಹತ್ತಿಗಿಂತ ಸ್ವಲ್ಪ ಹಿಂದೆ. ಮುಂಬೈಯ ಫ್ಲ್ಯಾಟಿನಲ್ಲಿ ಇಟ್ಟುಕೊಂಡು ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯುವವರಿಗೆ ನಾನು ಹೇಳುವುದು ಇದನ್ನೇ. ತೋಟದಲ್ಲಿ ದೀಪಾವಳಿಯಿಂದ ಮೇವರೆಗೆ ಕಟ್ಟಿಯೇ ಇರುವ ಡೇರೆಗಾದರೆ ಅಪ್ಪಟ ಹತ್ತಿಯೇ ಸರಿ.

ದಪ್ಪವನ್ನು ಜಿಎಸ್‌ಎಂನಲ್ಲಿ, ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ಔನ್ಸಿನಲ್ಲಿ ಹೇಳಿದರೆ 34ರಿಂದ ಗುಣಿಸಿ. 10 ಔನ್ಸ್ ಎಂದರೆ 340 ಜಿಎಸ್‌ಎಂ. ಡೇರೆಯ ಮೇಲ್ಛಾವಣಿಗೆ 285ರಿಂದ 340 ಸಾಕು. ಗಾಳಿಯ ಬಯಲಲ್ಲಿ ತಿಂಗಳುಗಟ್ಟಲೆ ನಿಲ್ಲುವ ಟಿಪಿಗೆ, ಅಂದರೆ ಸುತ್ತ ಕಂಬ ನಿಲ್ಲಿಸಿ ನೆತ್ತಿಯಲ್ಲಿ ಕೂಡಿಸಿ ಬಟ್ಟೆ ಹೊದಿಸುವ ಡೇರೆಗೆ, 400ರ ಹತ್ತಿರದ್ದು ಒಳ್ಳೆಯದು. ಅದಕ್ಕಿಂತ ದಪ್ಪ ಬೇಡ, ನೆನೆದಾಗ ಎತ್ತಲು ಆಳು ಬೇಕಾಗುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಮುಂಬೈಯಲ್ಲಾದರೆ ಮಸ್ಜಿದ್ ಬಂದರ್, ಅಬ್ದುಲ್ ರೆಹಮಾನ್ ಸ್ಟ್ರೀಟ್ ಸುತ್ತಮುತ್ತ, ಪುಣೆಯಲ್ಲಾದರೆ ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ತಾಡಪತ್ರಿ, ಹಗ್ಗದ ಅಂಗಡಿಗಳಿವೆ. ಮಳೆಗಾಲದ ಹೊಸ್ತಿಲಲ್ಲಿ ಅಲ್ಲಿ ಕಾಲಿಡಲೂ ಆಗುವುದಿಲ್ಲ, ಬೆಲೆಯೂ ಏರಿರುತ್ತದೆ. ಚಳಿಗಾಲದಲ್ಲಿ ಹೋಗಿ, ಬಟ್ಟೆಯನ್ನು ನಿಧಾನವಾಗಿ ನೋಡಿ.

ಬೆಳಕಿಗೆ ಹಿಡಿದರೆ ನೇಯ್ಗೆ ಒಂದೇ ಸಮನಾಗಿರಬೇಕು. ಒಂದು ಮೂಲೆಯನ್ನು ಮಡಚಿ ಕಪ್ಪು ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ ಗಂಜಿಯನ್ನೋ ಸುಣ್ಣದಂಥ ಪುಡಿಯನ್ನೋ ತುಂಬಿ ತೂಕ ಹೆಚ್ಚಿಸಿದ್ದಾರೆ ಎಂದರ್ಥ. ಮೊದಲ ಮಳೆಗೆ ಆ ತೂಕ ಹರಿದುಹೋಗುತ್ತದೆ, ಉಳಿಯುವುದು ಜಾಳು ಬಟ್ಟೆ. ಅವರು ಹೇಳಿದ ಜಿಎಸ್‌ಎಂ, ನೀರು ತಡೆಯಲು ಹಚ್ಚುವ ಲೇಪಕ್ಕೆ ಮೊದಲಿನದೋ ಆಮೇಲಿನದೋ ಎಂದೂ ಕೇಳಿ. ಉತ್ತರ ತಡವರಿಸಿದರೆ ಮುಂದಿನ ಅಂಗಡಿ ನೋಡಿ.

ಅಂಚಿನಿಂದ ಎರಡು ಎಳೆ ಕಿತ್ತು ಅಂಗಡಿಯ ಹೊರಗೆ ಸುಟ್ಟು ನೋಡಿದರೆ ಬಣ್ಣ ಬಯಲಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಮೆತ್ತಗಿನ ಬೂದಿ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಎಳೆಯನ್ನೇ ಬಿಚ್ಚಿ ನೋಡಿ: ಎರಡು ನೂಲು ಸೇರಿಸಿ ಹುರಿ ಹಾಕಿದ್ದರೆ ಬಟ್ಟೆ ಗಟ್ಟಿ. ಕೊನೆಗೆ ಬಟ್ಟೆಯನ್ನು ದೊನ್ನೆಯಂತೆ ಹಿಡಿದು ಒಂದು ಲೋಟ ನೀರು ಸುರಿದು ಕಾಲು ಗಂಟೆ ಬಿಡಿ. ಕೆಳಗೆ ತಂಪು ತಟ್ಟಿದರೆ ಪರವಾಗಿಲ್ಲ, ಹನಿ ಬೀಳಬಾರದು.

ಸಿದ್ಧ ಡೇರೆಯಾದರೆ ಬಟ್ಟೆಗಿಂತ ಮೊದಲು ಹೊಲಿಗೆ ನೋಡಿ. ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದಿರಬೇಕು. ಪಾಲಿಯೆಸ್ಟರ್ ತಿರುಳಿಗೆ ಹತ್ತಿ ಸುತ್ತಿದ ದಾರವಾದರೆ ಅತ್ಯುತ್ತಮ: ಒಳಗಿನದು ಬಲ ಕೊಡುತ್ತದೆ, ಹೊರಗಿನದು ನೆನೆದು ಉಬ್ಬಿ ಸೂಜಿಯ ತೂತು ಮುಚ್ಚುತ್ತದೆ. ಹಗ್ಗ ಕಟ್ಟುವ ಐಲೆಟ್‌ಗಳು ಹಿತ್ತಾಳೆಯವೇ ಆಗಿರಲಿ. ಕಬ್ಬಿಣದ್ದು ತುಕ್ಕು ಹಿಡಿದರೆ ಸುತ್ತಲಿನ ಹತ್ತಿಯನ್ನೂ ತಿನ್ನುತ್ತದೆ.

ಟಿಪಿಯ ಪ್ರತ್ಯೇಕ ಕಥೆ

ಟಿಪಿ ಉತ್ತರ ಅಮೆರಿಕದ ಬಯಲು ಸೀಮೆಯ ಲಕೋಟಾ ಮೊದಲಾದ ಮೂಲನಿವಾಸಿಗಳ ಮನೆ. ಮೊದಲು ಕಾಡೆಮ್ಮೆಯಂಥ ಬೈಸನ್ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. 19ನೆಯ ಶತಮಾನದಲ್ಲಿ ಆ ಹಿಂಡುಗಳನ್ನು ಬೇಟೆಯಾಡಿ ಬರಿದು ಮಾಡಿದ ಮೇಲೆ ಕ್ಯಾನ್ವಾಸ್ ಆ ಜಾಗಕ್ಕೆ ಬಂತು. ಅದರ ನೆತ್ತಿ ತೆರೆದೇ ಇರುತ್ತದೆ, ಹೊಗೆ ಹೋಗಬೇಕಲ್ಲ. ಅಲ್ಲಿಂದ ಒಳಬರುವ ಮಳೆನೀರು ಕಂಬಗಳ ಗುಂಟ ನೆಲಕ್ಕೆ ಇಳಿಯಬೇಕು. ಅದಕ್ಕೆಂದೇ ಅವರು ನೇರವಾದ ಪೈನ್ ಮರದ ಕಂಬಗಳನ್ನು ಹೆರೆದು ನುಣುಪು ಮಾಡುತ್ತಿದ್ದರು. ನಮ್ಮಲ್ಲಿ ಬಿದಿರು ಹಾಕುವವರು ಈ ಮಾತನ್ನು ಮರೆಯುತ್ತಾರೆ. ಬಿದಿರಿನ ಪ್ರತಿ ಗೆಣ್ಣಿನಲ್ಲೂ ನೀರು ತಡೆದು ಹನಿಯಾಗಿ ಹಾಸಿಗೆಯ ಮೇಲೆ ಬೀಳುತ್ತದೆ, ಬೈಗುಳ ಕ್ಯಾನ್ವಾಸಿಗೆ ಸಿಗುತ್ತದೆ! ಗೆಣ್ಣುಗಳನ್ನು ಹೆರೆದು, ಮರಳು ಕಾಗದದಿಂದ ತಿಕ್ಕಿ. ಒಳಗಿನ ಸುತ್ತುಪರದೆಯನ್ನೂ ಬಿಡಬೇಡಿ, ಕಂಬದ ನೀರು ಅದರ ಹಿಂದೆ ಇಳಿಯುತ್ತದೆ.

ಮೊದಲ ಸ್ನಾನ, ಆಮೇಲೆ ಮಳೆ

ಹೊಸ ಹತ್ತಿ ಡೇರೆಯನ್ನು ನೇರವಾಗಿ ಮಳೆಗೆ ಒಯ್ಯಬೇಡಿ. ಬಿಸಿಲಿನ ದಿನ ಕಟ್ಟಿ, ಪೈಪಿನಿಂದ ಪೂರ್ತಿ ನೆನೆಸಿ, ಕಟ್ಟಿದಂತೆಯೇ ಒಣಗಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ನೂಲು ಉಬ್ಬಿ ಕುಗ್ಗಿ ತನ್ನ ಜಾಗದಲ್ಲಿ ಕೂರುತ್ತದೆ, ಹೊಲಿಗೆಯ ತೂತುಗಳು ಮುಚ್ಚಿಕೊಳ್ಳುತ್ತವೆ. ಮೊದಲ ಸಲ ಹೊಲಿಗೆಯಲ್ಲಿ ನೀರು ಜಿನುಗಿದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಮೂರನೆಯ ಸಲವೂ ಜಿನುಗಿದರೆ ಹೋಗಿ.

ಮಳೆ ಬರುವ ಸೂಚನೆ ಇದ್ದರೆ ಹಗ್ಗಗಳನ್ನು ತುಸು ಸಡಿಲಿಸಿ ಮಲಗಿ. ಹತ್ತಿಯ ಬಟ್ಟೆಯೂ ನಾರಿನ ಹಗ್ಗವೂ ನೆನೆದರೆ ಬಿಗಿಯುತ್ತವೆ. ಗೂಟ ಕಿತ್ತು ಬರುವುದು, ಐಲೆಟ್ ಹರಿಯುವುದು ಆಗಲೇ. ನೈಲಾನ್ ಹಗ್ಗದ ಸ್ವಭಾವ ಇದಕ್ಕೆ ವಿರುದ್ಧ, ನೆನೆದರೆ ಸಡಿಲವಾಗುತ್ತದೆ. ನೆನೆದ ಬಟ್ಟೆಯ ಒಳಮೈಗೆ ಬೆರಳು, ಚೀಲ, ಹಾಸಿಗೆ ಏನೂ ತಾಗದಿರಲಿ. ತಾಗಿದಲ್ಲಿ ನೀರಿಗೆ ದಾರಿ ಸಿಗುತ್ತದೆ. ಮಕ್ಕಳು ಮುಟ್ಟಿಯೇ ಮುಟ್ಟುತ್ತಾರೆ; ಆಗ ಆ ಜಾಗದಿಂದ ಕೆಳ ಅಂಚಿನವರೆಗೆ ಬೆರಳಿನಿಂದ ಒಂದು ಗೆರೆ ಎಳೆದರೆ ಹನಿ ಆ ಗೆರೆ ಹಿಡಿದು ಇಳಿದುಹೋಗುತ್ತದೆ. ಮುಚ್ಚಿದ ಡೇರೆಯೊಳಗೆ ಇದ್ದಿಲ ಒಲೆ, ಗ್ಯಾಸ್ ಒಲೆ ಹಚ್ಚಲೇಬೇಡಿ. ಇಂಗಾಲದ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಒಣಗಿಸಿ, ಮತ್ತೆ ಒಣಗಿಸಿ

ಒದ್ದೆ ಡೇರೆ ತಂದ ದಿನವೇ ಬಿಚ್ಚಿ ಹರಡಿ. ಒಂದೆರಡು ದಿನ ಚೀಲದಲ್ಲೇ ಉಳಿದರೆ ಬೂಷ್ಟು ಶುರು. ಹೊಲಿಗೆಯಿಲ್ಲದ ನಡುವಿನ ಬಟ್ಟೆ ಬೇಗ ಒಣಗುತ್ತದೆ, ಹೊಲಿಗೆ ಮತ್ತು ಕೆಳ ಅಂಚು ಮಾತ್ರ ಗಂಟೆಗಟ್ಟಲೆ ತೇವ ಹಿಡಿದುಕೊಂಡಿರುತ್ತವೆ. ಅವನ್ನು ಬೆರಳಿನಲ್ಲಿ ಹಿಚುಕಿ ನೋಡಿಯೇ ಮಡಚಬೇಕು. ಗೋವಾದ ಕಡಲ ಪಕ್ಕದಿಂದ ತಂದದ್ದಾದರೆ ಮೊದಲು ಸಿಹಿನೀರಿನಿಂದ ತೊಳೆಯಿರಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಉಪ್ಪು ಕುಳಿತ ಬಟ್ಟೆ ಎಷ್ಟು ಒಣಗಿಸಿದರೂ ಸಂಜೆಗೆ ಮತ್ತೆ ತಣ್ಣಗಾಗುತ್ತದೆ.

ಕೆಸರನ್ನು ಒಣಗಿಸಿ, ಮೆದು ಬ್ರಷ್‌ನಿಂದ ಉದುರಿಸಿ. ಸಾಬೂನು ಪುಡಿ ಬೇಡ, ವಾಷಿಂಗ್ ಮೆಷಿನ್ ಖಂಡಿತ ಬೇಡ. ನೀರು ತಡೆಯುವ ಲೇಪ ಅದರಲ್ಲೇ ಹೋಗುತ್ತದೆ. ಬೂಷ್ಟಿನ ಕಪ್ಪು ಚುಕ್ಕಿ ಬಂದಿದ್ದರೆ ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದು ಬಿಸಿಲಿಗೆ ಹಾಕಿ. ಬೂಷ್ಟು ಸಾಯುತ್ತದೆ, ಕಲೆ ಪೂರ್ತಿ ಹೋಗುವುದಿಲ್ಲ. ಕಲೆ ತೆಗೆಯುವ ಹಟಕ್ಕೆ ಬ್ಲೀಚಿಂಗ್ ಹಾಕಿದರೆ ನೂಲೇ ಸಾಯುತ್ತದೆ.

ಮಳೆಗಾಲಕ್ಕೆ ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿ ಸೀರೆಯಲ್ಲೋ ಬೆಡ್‌ಶೀಟಿನಲ್ಲೋ ಸುತ್ತಿ. ಮುಂಬೈಯ ಹಳೆಯ ಕಟ್ಟಡಗಳಲ್ಲಿ ಹೊರಗೋಡೆ ಜುಲೈಯಲ್ಲಿ ನೀರು ಹೀರುತ್ತದೆ. ಆ ಗೋಡೆಗೆ ಒರಗಿಸಬೇಡಿ, ಅಟ್ಟದ ಮೇಲೆ ಒಳಗೋಡೆಯ ಕಡೆ ಇಡಿ. ಇಲಿಯ ಕಾಟವಿದ್ದರೆ ತಗಡಿನ ಪೆಟ್ಟಿಗೆಯೇ ಗತಿ. ಬಿಸಿಲು ಬಿದ್ದ ದಿನ ಬಿಚ್ಚಿ ಗಾಳಿಗೆ ಹಿಡಿದು, ಮತ್ತೆ ಮಡಚುವಾಗ ಹಳೆಯ ಗೆರೆ ಬಿಟ್ಟು ಬೇರೆ ಕಡೆ ಮಡಚಿ.

ನೀರು ಮಣಿಯಾಗಿ ಉರುಳದೆ ಬಟ್ಟೆಗೆ ಇಂಗತೊಡಗಿದಾಗ ಲೇಪ ಹೊಸದಾಗಿ ಹಚ್ಚುವ ಕಾಲ ಬಂತು. ಮೊದಲು ಇದ್ದದ್ದು ಮೇಣದ ಬಗೆಯೋ ಸಿಲಿಕೋನ್ ಬಗೆಯೋ ಎಂದು ತಿಳಿದುಕೊಂಡು ಅದನ್ನೇ ತನ್ನಿ, ಮೇಣದ ಮೇಲೆ ಸಿಲಿಕೋನ್ ನಿಲ್ಲುವುದಿಲ್ಲ. ಶುಚಿಯಾದ, ಒಣಗಿದ ಬಟ್ಟೆಗೆ ಹಚ್ಚಬೇಕು. ಸಣ್ಣ ಚಪ್ಪರಕ್ಕೆ ಹಳೆಯ ಉಪಾಯವೊಂದಿದೆ: ಬಟ್ಟೆಯನ್ನು ಸಾಬೂನಿನ ನೀರಿನಲ್ಲಿ ನೆನೆಸಿ ಒಣಗಿಸಿ, ಆಮೇಲೆ ಪಟಿಕದ ನೀರಿನಲ್ಲಿ ಅದ್ದುವುದು. ಎರಡೂ ಸೇರಿ ನೀರಿನಲ್ಲಿ ಕರಗದ ಅಲ್ಯೂಮಿನಿಯಂ ಸಾಬೂನು ನೂಲಿನೊಳಗೇ ಕೂರುತ್ತದೆ.

ಹರಿದರೆ ಅದೇ ದಪ್ಪದ ಬಟ್ಟೆಯ ತೇಪೆ ಹಾಕಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಮೊದಲು ಏಳುತ್ತದೆ. ತೇಪೆ ಹಾಕುವ ಮೊದಲು ಸುತ್ತಲಿನ ಬಟ್ಟೆಯನ್ನು ಎರಡೂ ಕೈಯಿಂದ ಜಗ್ಗಿ ನೋಡಿ. ಸಲೀಸಾಗಿ ಸೀಳಿದರೆ ಬಿಸಿಲು ನೂಲನ್ನು ತಿಂದಿದೆ, ಅಲ್ಲಿ ಹೊಲಿಗೆ ನಿಲ್ಲದು. ಗಟ್ಟಿ ಉಳಿದ ಪಕ್ಕದ ಗೋಡೆಗಳನ್ನು ಮುಂದಿನ ಡೇರೆಯ ತೇಪೆಗೆ ಕತ್ತರಿಸಿಟ್ಟುಕೊಂಡು, ಉಳಿದದ್ದನ್ನು ನೆಲಹಾಸಿನ ಅಡಿಗೆ ಹಾಕಿ.